22 ಸಾವಿರ ರೂಪಾಯಿ, ಒಂದು ಹಳೇ ಆಫೀಸ್ ಡಬ್ಬ, ಮೂರು ಸಲಹೆ

ಪ್ರಶ್ನೆ: ಸರ್, ನಾನು ರಾಣೆಬೆನ್ನೂರಿನವನು, ಬಿಕಾಂ ಎರಡನೇ ವರ್ಷ. ಅಪ್ಪನ ಬೀಜ-ಗೊಬ್ಬರದ ಅಂಗಡಿಯಲ್ಲಿ ಬಿಲ್ ಹಾಕಲು ಎರಡು ವರ್ಷದ ಹಿಂದೆ ಒಂದು ಹಳೇ ಆಫೀಸ್ ಕಂಪ್ಯೂಟರ್ ತಂದಿದ್ದೆವು. ತೆಳ್ಳಗಿನ ಸಿಪಿಯು. ಐ5-6500 ಪ್ರೊಸೆಸರ್, 8 ಜಿಬಿ ಡಿಡಿಆರ್4 ರ‍್ಯಾಮ್ (ಒಂದೇ ಸ್ಟಿಕ್), 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಮಾನಿಟರ್ ಹಳೇದು, ನೀಲಿ ಪಿನ್ನಿನ ವಿಜಿಎ ಕೇಬಲ್. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅದರಲ್ಲೇ ವ್ಯಾಲೊರಂಟ್ ಆಡುತ್ತೇನೆ. 40 ಎಫ್‌ಪಿಎಸ್ (ಸೆಕೆಂಡಿಗೆ ಅಷ್ಟು ಚಿತ್ರ) ಬರುತ್ತದೆ, ಎದುರಿಗೆ ನಾಲ್ಕು ಜನ ಬಂದರೆ 20ಕ್ಕೆ ಇಳಿಯುತ್ತದೆ. ಜಿಟಿಎ 5, ಸಾಧ್ಯವಾದರೆ ರೆಡ್ ಡೆಡ್ ರಿಡೆಂಪ್ಶನ್ 2 ಕೂಡ ಆಡುವ ಆಸೆ. ಮದುವೆ ಸೀಸನ್‌ನಲ್ಲಿ ಕೇಟರಿಂಗ್ ಕೆಲಸಕ್ಕೆ ಹೋಗಿ 22,000 ರೂಪಾಯಿ ಕೂಡಿಟ್ಟಿದ್ದೇನೆ. ಅಂಗಡಿಯೊಂದರಲ್ಲಿ ಕೇಳಿದರೆ, 'ಅದನ್ನು ಬಿಸಾಕು, ಇಷ್ಟೇ ದುಡ್ಡಿಗೆ ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಇರುವ ಗೇಮಿಂಗ್ ಸೆಟ್ ಕೊಡುತ್ತೇನೆ' ಅಂದರು. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ 'ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್ ಹಾಕು, ಸಾಕು' ಅನ್ನುತ್ತಾನೆ. ಆನ್‌ಲೈನ್ ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿದರೆ '47% ಬಾಟಲ್‌ನೆಕ್' ಅಂತ ಬರುತ್ತದೆ. ಯಾರ ಮಾತು ಕೇಳಲಿ? ನಮ್ಮಲ್ಲಿ ಕರೆಂಟ್ ಬೇರೆ ಹೋಗಿ ಬಂದು ಮಾಡುತ್ತದೆ. ಅಂಗಡಿಯ 600 ವಿಎ ಯುಪಿಎಸ್ ಸಾಕಾ? ಅಪ್ಪನ ಬಿಲ್ಲುಗಳು ಹೋದರೆ ನನ್ನ ಕಥೆ ಮುಗಿಯಿತು.

ಉತ್ತರ: ನಿಮ್ಮ ಕೊನೇ ಸಾಲು ಓದಿ ನಕ್ಕೆ. ಆದರೆ ಪತ್ರದಲ್ಲಿ ಅದೇ ಮುಖ್ಯವಾದ ಸಾಲು. ಹಗಲು ಬಿಲ್ಲು, ರಾತ್ರಿ ಆಟ, ಎರಡಕ್ಕೂ ಒಂದೇ ಯಂತ್ರ. ಹಾಗಾಗಿ ಇಲ್ಲಿ ಎಫ್‌ಪಿಎಸ್ ಒಂದನ್ನೇ ನೋಡಿದರೆ ಆಗದು. ದುಡ್ಡು ಹಾಳಾಗಬಾರದು, ಅಂಗಡಿ ನಿಲ್ಲಬಾರದು, ಆಟವೂ ಓಡಬೇಕು.

ಮೂರು ಕಡೆಯಿಂದ ಮೂರು ಸಲಹೆ ಬಂದಿವೆ. ಒಂದು ವಿಷಯ ಗಮನಿಸಿದಿರಾ? ಸಲಹೆ ಕೊಟ್ಟವರಲ್ಲಿ ಒಬ್ಬರೂ ನಿಮ್ಮ ಡಬ್ಬ ಬಿಚ್ಚಿ ನೋಡಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನ ಓಣಿಯೊಂದರಲ್ಲಿ ನಾನು ಕಂಪ್ಯೂಟರ್ ಜೋಡಿಸಲು ಶುರು ಮಾಡಿ ಹತ್ತೊಂಬತ್ತು ವರ್ಷವಾಯಿತು. ಕಡಿಮೆ ಬಜೆಟ್‌ನವರ ದುಡ್ಡು ಹಾಳಾಗುವುದನ್ನು ನಾನು ನೋಡಿರುವುದು ಹೆಚ್ಚಾಗಿ ಹೀಗೇ: ಒಳಗೆ ಏನಿದೆ ಅಂತ ನೋಡುವ ಮೊದಲೇ ಹೊರಗಿನಿಂದ ಏನೋ ಒಂದನ್ನು ಕೊಂಡು ತರುತ್ತಾರೆ.

ಮೊದಲು ಆ 'ಐ7 ಸೆಟ್' ವಿಷಯ. ಐ7 ಅನ್ನುವುದು ಮನೆತನದ ಹೆಸರಿದ್ದ ಹಾಗೆ. ಮನೆತನದಲ್ಲಿ ಅಜ್ಜನೂ ಇರುತ್ತಾನೆ, ಮೊಮ್ಮಗನೂ ಇರುತ್ತಾನೆ. 22 ಸಾವಿರದ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಕೂತಿರುವುದು 2011ರ ಐ7-2600 ಅಥವಾ 2012ರ ಐ7-3770. ಅದಕ್ಕೆ ಹೆಸರು ಕೇಳದ ಕಂಪನಿಯ ಎಚ್61 ಮದರ್‌ಬೋರ್ಡ್, ಡಿಡಿಆರ್3 ರ‍್ಯಾಮ್, ಬಣ್ಣ ಬಣ್ಣದ ಲೈಟು ಹೊಡೆಯುವ ಮೂರು ಫ್ಯಾನು. ನಿಮ್ಮ ಐ5-6500 ಬಂದದ್ದು 2015ರಲ್ಲಿ. ಅಂದರೆ ಹೊಸದನ್ನು ಬಿಸಾಕಿ ಹಳೆಯದನ್ನು ತಂದ ಹಾಗೆ ಆಗಬಹುದು.

'4 ಜಿಬಿ ಗ್ರಾಫಿಕ್ಸ್' ಅನ್ನುವುದೂ ಇದೇ ಜಾತಿಯ ಮಾತು. ನೀವು ಕೇಟರಿಂಗ್‌ಗೆ ಹೋದವರು, ಹೇಳಿದರೆ ಅರ್ಥವಾಗುತ್ತದೆ. ಜಿಬಿ ಅಂದರೆ ಉಗ್ರಾಣ ಎಷ್ಟು ದೊಡ್ಡದು ಅನ್ನುವ ಲೆಕ್ಕ. ಅಡುಗೆಯವರು ಎಷ್ಟು ಜನ, ಅವರ ಕೈ ಎಷ್ಟು ಚುರುಕು ಅಂತ ಅದು ಹೇಳುವುದಿಲ್ಲ. 2014ರ ಜಿಟಿ 730 ಕೂಡ 4 ಜಿಬಿಯಲ್ಲಿ ಸಿಗುತ್ತದೆ, 2019ರ ಜಿಟಿಎಕ್ಸ್ 1650 ಕೂಡ 4 ಜಿಬಿಯೇ. ಮೊದಲನೆಯದರಲ್ಲಿ ಲೆಕ್ಕ ಮಾಡುವ ಕೋರ್‌ಗಳು ಹೆಚ್ಚೆಂದರೆ 384, ಎರಡನೆಯದರಲ್ಲಿ 896. ಮೆಮೊರಿಯ ವೇಗದಲ್ಲಂತೂ ಅಜಗಜಾಂತರ. ಆ ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ, ಅವರ ಸೆಟ್ ನಾನು ನೋಡಿಲ್ಲ. ಪ್ರೊಸೆಸರ್, ಬೋರ್ಡ್, ಕಾರ್ಡ್, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ನಾಲ್ಕರ ಪೂರ್ತಿ ಮಾಡೆಲ್ ನಂಬರ್‌ಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿ ಅಂತ ಕೇಳಿ. ಬರೆದುಕೊಟ್ಟರೆ ನೋಡೋಣ. 'ಅದೆಲ್ಲ ಯಾಕೆ, ಗೇಮಿಂಗ್‌ದೇ ಇದೆ' ಅಂದರೆ ನಮಸ್ಕಾರ ಹೇಳಿ ಬನ್ನಿ.

ಇನ್ನು 47% ಬಾಟಲ್‌ನೆಕ್. ಬಾಟಲ್‌ನೆಕ್ ಅನ್ನುವುದು ಸುಳ್ಳಲ್ಲ. ಪಂಕ್ತಿಯಲ್ಲಿ ಅನ್ನದವನು ಸರಸರ ಹೋದರೂ ಸಾರಿನವನು ನಿಧಾನವಾದರೆ ಇಡೀ ಸಾಲು ಕಾಯುತ್ತದೆ ಅಲ್ವಾ, ಅದೇ ಇದು. ಆದರೆ ಅದಕ್ಕೆ ಒಂದು ಶಾಶ್ವತ ಪರ್ಸೆಂಟ್ ಇಲ್ಲ. ವ್ಯಾಲೊರಂಟ್, ಸಿಎಸ್ 2 (ಕೌಂಟರ್-ಸ್ಟ್ರೈಕ್ 2) ಅಂಥ ಆಟಗಳು ಪ್ರೊಸೆಸರ್‌ಗೆ ಜಾಸ್ತಿ ಕೆಲಸ ಕೊಡುತ್ತವೆ. ರೆಡ್ ಡೆಡ್ ಗ್ರಾಫಿಕ್ಸ್ ಕಾರ್ಡ್‌ನ ಬೆವರಿಳಿಸುತ್ತದೆ. ಒಂದೇ ಯಂತ್ರದಲ್ಲಿ ಆಟ ಬದಲಾದರೆ, ರೆಸಲ್ಯೂಶನ್ (ಪರದೆಯಲ್ಲಿ ಬಿಡಿಸುವ ಚುಕ್ಕಿಗಳ ಸಂಖ್ಯೆ) ಬದಲಾದರೆ, ಅಡ್ಡಿ ಮಾಡುವ ಭಾಗವೂ ಬದಲಾಗುತ್ತದೆ. ಎರಡು ಹೆಸರು ತಗೊಂಡು ಒಂದು ನಂಬರ್ ಉಗುಳುವ ಲೆಕ್ಕಕ್ಕೆ ಇದು ಯಾವುದೂ ಗೊತ್ತಿಲ್ಲ.

ಮನೆಯಲ್ಲೇ ಮಾಡುವ ಪರೀಕ್ಷೆ ಒಂದಿದೆ, ಖರ್ಚಿಲ್ಲ. ಆಟದಲ್ಲಿ ಒಂದು ಜಾಗ ಆರಿಸಿ, ಎಫ್‌ಪಿಎಸ್ ಬರೆದಿಟ್ಟುಕೊಳ್ಳಿ. ಆಮೇಲೆ ರೆಸಲ್ಯೂಶನ್ ಪೂರ್ತಿ ಕೆಳಗಿಳಿಸಿ ಅದೇ ಜಾಗದಲ್ಲಿ ನೋಡಿ. ಎಫ್‌ಪಿಎಸ್ ಚೆನ್ನಾಗಿ ಏರಿದರೆ ಅಡ್ಡಿ ಗ್ರಾಫಿಕ್ಸ್‌ನದು. ಚಿತ್ರ ಮಸುಕಾದರೂ ಎಫ್‌ಪಿಎಸ್ ಅಲ್ಲಾಡದಿದ್ದರೆ ಅಡ್ಡಿ ಪ್ರೊಸೆಸರ್‌ನದು, ಅಥವಾ ರ‍್ಯಾಮ್‌ನದು. ನಿಮ್ಮ ವಿಷಯದಲ್ಲಿ ಉತ್ತರ ಹೆಚ್ಚುಕಡಿಮೆ ಈಗಲೇ ಹೇಳಬಹುದು. ನಿಮ್ಮಲ್ಲಿ ಕಾರ್ಡೇ ಇಲ್ಲ. ಪ್ರೊಸೆಸರ್ ಒಳಗಿನ ಎಚ್‌ಡಿ 530 ಅನ್ನುವ ಪುಟ್ಟ ಗ್ರಾಫಿಕ್ಸ್ ಎಲ್ಲ ಭಾರ ಹೊರುತ್ತಿದೆ. ಅದೂ ಒಂದು ಕೈ ಕಟ್ಟಿಸಿಕೊಂಡು.

ಕೈ ಕಟ್ಟಿರುವುದು ಆ ಒಂಟಿ ರ‍್ಯಾಮ್ ಸ್ಟಿಕ್. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ಸಿಸ್ಟಂ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಮದರ್‌ಬೋರ್ಡ್‌ನಲ್ಲಿ ರ‍್ಯಾಮ್‌ಗೆ ಎರಡು ದಾರಿ ಇವೆ. ಒಂದು ಸ್ಟಿಕ್ ಹಾಕಿದರೆ ಒಂದೇ ದಾರಿ ತೆರೆಯುತ್ತದೆ, ಎರಡು ಹಾಕಿದರೆ ಎರಡೂ. ಹಾಗಾಗಿ ಇನ್ನೊಂದು 8 ಜಿಬಿ ಸ್ಟಿಕ್ ಹಾಕಿದರೆ ಜಾಗ ಹೆಚ್ಚುವುದು ಮಾತ್ರವಲ್ಲ, ಓಡಾಟದ ದಾರಿಯೂ ಅಗಲವಾಗುತ್ತದೆ. 20ಕ್ಕೆ ಇಳಿಯುವ ಆ ಮುಗ್ಗರಿಕೆ ಇಷ್ಟರಲ್ಲೇ ಎಷ್ಟೋ ಕಡಿಮೆಯಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆದ್ದರಿಂದ ನಿಮ್ಮ ಮೊದಲ ಖರ್ಚು ಇದೇ. ಕಾರ್ಡ್ ಆಮೇಲೆ.

ಬೇಸರದ ಸುದ್ದಿ ಏನೆಂದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಕೆಟ್ಟದಾಗಿ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಬೇಕು, ತಯಾರಕರು ಅತ್ತ ಮುಖ ಮಾಡಿದ್ದಾರೆ. ಕ್ರೂಶಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಕಂಪನಿ, ಆ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಸಾವಿರದೈನೂರರ ಆಸುಪಾಸಿನಲ್ಲಿ ಸಿಗುತ್ತಿದ್ದ 8 ಜಿಬಿ ಡಿಡಿಆರ್4 ಸ್ಟಿಕ್ ಈಗ ಆ ಬೆಲೆಗೆ ಕನಸು. ನಿಮಗೆ ಒಂದು ಅನುಕೂಲ ಇದೆ. ನಿಮ್ಮ ಪ್ರೊಸೆಸರ್‌ಗೆ ಡಿಡಿಆರ್4 2133 ವೇಗ ಸಾಕು, 3200ರ ಸ್ಟಿಕ್ ಹಾಕಿದರೂ ಅದು 2133ಕ್ಕೇ ಇಳಿದು ಓಡುತ್ತದೆ. ಹಾಗಾಗಿ ಹಳೇ ಆಫೀಸ್ ಕಂಪ್ಯೂಟರ್‌ಗಳಿಂದ ಬಿಚ್ಚಿದ 2133 ಅಥವಾ 2400ರ ಸೆಕೆಂಡ್ ಹ್ಯಾಂಡ್ ಸ್ಟಿಕ್ ಧೈರ್ಯವಾಗಿ ತಗೊಳ್ಳಿ. ರ‍್ಯಾಮ್ ಸವೆಯುವ ವಸ್ತುವಲ್ಲ. ಎರಡು ಎಚ್ಚರಿಕೆ ಮಾತ್ರ. ಲ್ಯಾಪ್‌ಟಾಪ್‌ನ ಗಿಡ್ಡ ಸ್ಟಿಕ್ ಇದಕ್ಕೆ ಕೂರುವುದಿಲ್ಲ. ತೀರಾ ಅಗ್ಗಕ್ಕೆ ಕಾಣುವ 'ಸರ್ವರ್ ರ‍್ಯಾಮ್' ಕೂತರೂ ಓಡುವುದಿಲ್ಲ.

ಈಗ ನಿಮ್ಮ ಚಿಕ್ಕಪ್ಪನ ಮಗನ ಆರ್‌ಎಕ್ಸ್ 580. ಕಾರ್ಡ್ ಒಳ್ಳೆಯದೇ. ಆದರೆ ಅದು ನಿಮ್ಮ ಡಬ್ಬದೊಳಗೆ ಹೋಗುವುದಿಲ್ಲ. ತೆಳ್ಳಗಿನ ಕ್ಯಾಬಿನೆಟ್‌ಗೆ ಅರ್ಧ ಎತ್ತರದ, ಅಂದರೆ ಲೋ ಪ್ರೊಫೈಲ್ ಕಾರ್ಡ್ ಮಾತ್ರ ಹಿಡಿಸುತ್ತದೆ. 580 ಪೂರ್ತಿ ಎತ್ತರದ, ದಪ್ಪ ಕಾರ್ಡ್. ಮುಚ್ಚಳ ತೆಗೆದು ಹೇಗೋ ನಿಲ್ಲಿಸಿದಿರಿ ಅನ್ನೋಣ. ಅದು ಎಳೆಯುವುದು ಸುಮಾರು 185 ವ್ಯಾಟ್. ಮದರ್‌ಬೋರ್ಡ್ ಸ್ಲಾಟ್ ಕೊಡುವುದು ಹೆಚ್ಚೆಂದರೆ 75. ಉಳಿದದ್ದಕ್ಕೆ ಎಸ್‌ಎಂಪಿಎಸ್‌ನಿಂದ ಬೇರೆ 8 ಪಿನ್ ವೈರ್ ಬೇಕು. ಆಫೀಸ್ ಡಬ್ಬಗಳ ಎಸ್‌ಎಂಪಿಎಸ್‌ನಲ್ಲಿ ಅಂಥ ವೈರ್ ಸಾಮಾನ್ಯವಾಗಿ ಇರುವುದಿಲ್ಲ.

'ಕನ್ವರ್ಟರ್ ಹಾಕಿದರಾಯಿತು' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಪವರ್ ವೈರನ್ನು 8 ಪಿನ್‌ಗೆ ಬದಲಿಸುವ ತುಂಡು ವೈರ್ ನೂರೈವತ್ತು ರೂಪಾಯಿಗೆ ಸಿಗುತ್ತದೆ. ದಯವಿಟ್ಟು ಬೇಡ. ಆ ಸಾಟಾ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಮೂರು ಪಿನ್, ಒಂದೊಂದಕ್ಕೆ ಒಂದೂವರೆ ಆಂಪ್. ಒಟ್ಟು 54 ವ್ಯಾಟ್. 8 ಪಿನ್ ಕಡೆಯಿಂದ ಕಾರ್ಡ್ 150 ವ್ಯಾಟ್‌ವರೆಗೆ ಕೇಳಬಹುದು. 54 ಹೊರುವ ಕಡೆ 150 ಹೊರಿಸಿದರೆ ಏನಾಗುತ್ತದೆ? ನನ್ನ ಮೇಜಿನ ಡ್ರಾಯರ್‌ನಲ್ಲಿ ಅಂಥ ಒಂದು ಕನೆಕ್ಟರ್ ಇಟ್ಟುಕೊಂಡಿದ್ದೇನೆ, ಕರಗಿ ಬೆಲ್ಲದ ಪಾಕದಂತಾಗಿದೆ. ಬಂದವರಿಗೆ ತೋರಿಸುತ್ತೇನೆ. ಮಾತಿಗಿಂತ ಅದು ಬೇಗ ಅರ್ಥವಾಗುತ್ತದೆ.

ಹಾಗಾದರೆ ಎಸ್‌ಎಂಪಿಎಸ್ಸನ್ನೇ ಬದಲಿಸೋಣ ಅಂದರೆ ಅಲ್ಲೂ ಕಷ್ಟ. ಮಾರುಕಟ್ಟೆಯ ಸಾಮಾನ್ಯ ಎಸ್‌ಎಂಪಿಎಸ್ ಮದರ್‌ಬೋರ್ಡ್‌ಗೆ 24 ಪಿನ್ ಕೊಡುತ್ತದೆ. ದೊಡ್ಡ ಕಂಪನಿಗಳ ಆಫೀಸ್ ಡಬ್ಬಗಳಲ್ಲಿ ಬಹಳಷ್ಟಕ್ಕೆ ಅವರದೇ ಲೆಕ್ಕದ 6 ಅಥವಾ 8 ಪಿನ್, ಆಕಾರವೂ ಬೇರೆ. ಅಂದರೆ ಒಂದು ಕಾರ್ಡ್ ಕೂರಿಸಲು ಎಸ್‌ಎಂಪಿಎಸ್, ಕ್ಯಾಬಿನೆಟ್, ಕೆಲವೊಮ್ಮೆ ಮದರ್‌ಬೋರ್ಡ್ ತನಕ ಬದಲಿಸಬೇಕಾಗುತ್ತದೆ. ಅಗ್ಗದ ಕಾರ್ಡ್ ಅಗ್ಗವಾಗಿ ಉಳಿಯುವುದಿಲ್ಲ. ಇನ್ನೂ ಒಂದು ಮಾತು. 8 ಜಿಬಿಯ 580ಗಳಲ್ಲಿ ಬಹಳಷ್ಟು ಕ್ರಿಪ್ಟೊ ಮೈನಿಂಗ್‌ನಲ್ಲಿ (ಎಥೀರಿಯಂನಂಥ ಡಿಜಿಟಲ್ ಹಣ ಗಳಿಸಲು ಕಾರ್ಡ್‌ನಿಂದ ಲೆಕ್ಕ ಮಾಡಿಸುವ ಕೆಲಸದಲ್ಲಿ) ಹಗಲು ರಾತ್ರಿ ದುಡಿದ ಕಾರ್ಡ್‌ಗಳು. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್ ನಿಂತ ಮೇಲೆ ರಾಶಿ ರಾಶಿ ಹೊರಬಂದವು. ಎಲ್ಲವೂ ಕೆಟ್ಟಿರುವುದಿಲ್ಲ. ಆದರೆ ಫ್ಯಾನು ಸವೆದಿರುತ್ತದೆ, ಬಿಸಿ ಸಾಗಿಸುವ ಥರ್ಮಲ್ ಪ್ಯಾಡ್ ಒಣಗಿರುತ್ತದೆ.

ಈಗ, ಬಿಲ್ಲುಗಳ ಬ್ಯಾಕಪ್ ತೆಗೆದ ಮೇಲೆ, ಸ್ಕ್ರೂಡ್ರೈವರ್ ತಗೊಂಡು ಡಬ್ಬ ಬಿಚ್ಚಿ. ಕರೆಂಟ್ ವೈರ್ ಕಿತ್ತು, ಕ್ಯಾಬಿನೆಟ್‌ನ ಲೋಹವನ್ನು ಒಮ್ಮೆ ಮುಟ್ಟಿ ಆಮೇಲೆ ಒಳಗೆ ಕೈ ಹಾಕಿ. ಅಂಗಡಿಯಲ್ಲಿದ್ದ ಯಂತ್ರ, ಗೊಬ್ಬರದ ಧೂಳು ಬೇರೆ. ಒಂದು ಪೇಂಟ್ ಬ್ರಶ್‌ನಿಂದ ಫ್ಯಾನು, ಹೀಟ್‌ಸಿಂಕ್ ಒರೆಸಿ. ನೂರಿನ್ನೂರು ರೂಪಾಯಿಯ ಥರ್ಮಲ್ ಪೇಸ್ಟ್ ಅನ್ನು ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಹೊಸದಾಗಿ ಹಚ್ಚಿ. ಬಿಸಿ ಏರಿದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಏಪ್ರಿಲ್ ತಿಂಗಳಲ್ಲಿ ಆಟ ಇನ್ನೂ ಹದಗೆಡುವುದಕ್ಕೆ ಇದೂ ಒಂದು ಕಾರಣ. ನಂತರ ಎರಡು ಫೋಟೊ ತೆಗೆಯಿರಿ: ಎಸ್‌ಎಂಪಿಎಸ್ ಮೇಲಿನ ಲೇಬಲ್, ಮತ್ತು ಉದ್ದನೆಯ ಕಾರ್ಡ್ ಸ್ಲಾಟ್‌ನ ಸುತ್ತಲಿನ ಜಾಗ.

ಲೇಬಲ್‌ನಲ್ಲಿ ದೊಡ್ಡ ಅಕ್ಷರದ ವ್ಯಾಟ್ ಜೊತೆ ಸಣ್ಣ ಅಕ್ಷರದ 12 ವೋಲ್ಟ್ ಸಾಲನ್ನೂ ಓದಿ. ಅಲ್ಲಿ 16 ಆಂಪ್ ಅಂತಿದ್ದರೆ 12 ಗುಣಿಸಿ 192 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ಊಟ ಮಾಡುವುದು ಈ ಸಾಲಿನಿಂದಲೇ. ಲೋಕಲ್ ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ '450 ವ್ಯಾಟ್' ಎಸ್‌ಎಂಪಿಎಸ್‌ಗಳ ಬಣ್ಣ ಬಯಲಾಗುವುದೂ ಈ ಸಾಲಿನಲ್ಲೇ. ಕಂಪನಿ ಡಬ್ಬದ 240 ವ್ಯಾಟ್ ಎಸ್‌ಎಂಪಿಎಸ್ ಅಂಥ 450ಕ್ಕಿಂತ ಗಟ್ಟಿ ಅನ್ನುವುದು ನನ್ನ ಅನುಭವ. ನಿಮ್ಮ ಲೆಕ್ಕ ಹೀಗೆ: ಪ್ರೊಸೆಸರ್ 65 ವ್ಯಾಟ್, 75ರೊಳಗಿನ ಒಂದು ಕಾರ್ಡ್, ಡಿಸ್ಕು ಫ್ಯಾನು ಬೋರ್ಡು ಸೇರಿ ಇನ್ನೊಂದು 30. ಒಟ್ಟು 170. ಲೇಬಲ್ 240 ಇದ್ದರೆ ನಿರಾಳ. 180 ಇದ್ದರೆ ತೀರಾ ಬಿಗಿ, ಆಗ ಇನ್ನೂ ಕಡಿಮೆ ಎಳೆಯುವ ಕಾರ್ಡ್ ನೋಡಬೇಕು. ಕೆಲವು ಸ್ಲಿಮ್ ಡಬ್ಬಗಳಲ್ಲಿ ಸ್ಲಾಟ್‌ಗೆ ಪೂರ್ತಿ 75 ವ್ಯಾಟ್ ಕೊಡುವುದಿಲ್ಲ ಅಂತ ತಯಾರಕರೇ ಬರೆದಿರುತ್ತಾರೆ. ನಿಮ್ಮ ಮಾಡೆಲ್‌ನ ಮ್ಯಾನುಯಲ್‌ನಲ್ಲಿ ಸ್ಲಾಟ್‌ನ ವ್ಯಾಟ್ ನೋಡದೆ ಕಾರ್ಡ್‌ಗೆ ದುಡ್ಡು ಕೊಡಬೇಡಿ.

ಬೇರೆ ವೈರ್ ಬೇಡದ, ಅರ್ಧ ಎತ್ತರದಲ್ಲಿ ಸಿಗುವ ಕಾರ್ಡ್‌ಗಳಲ್ಲಿ ನಿಮಗೆ ನೋಡಬಹುದಾದವು ನಾಲ್ಕು. ಜಿಟಿಎಕ್ಸ್ 1050 ಟಿಐ, ಜಿಟಿಎಕ್ಸ್ 1650, ಆರ್‌ಎಕ್ಸ್ 6400, ಆರ್‌ಟಿಎಕ್ಸ್ 3050ರ 6 ಜಿಬಿ ರೂಪ.

1050 ಟಿಐ ಬೇಡ ಅನ್ನುತ್ತೇನೆ. 2016ರ ಕಾರ್ಡ್. ಹೊಸ ಆಟಗಳಿಗೆ ಹೊಂದುವ ಡ್ರೈವರ್‌ಗಳನ್ನು ಆ ಪೀಳಿಗೆಗೆ ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ, ಇನ್ನು ಭದ್ರತೆಯ ಅಪ್‌ಡೇಟ್ ಮಾತ್ರ. ನಕಲಿಗಳೂ ಈ ಹೆಸರಿನಲ್ಲೇ ಜಾಸ್ತಿ. ಒಬ್ಬ ಹುಡುಗ ಆನ್‌ಲೈನ್‌ನಲ್ಲಿ ಕೊಂಡ '1050 ಟಿಐ' ತಂದಿದ್ದ, ಬಿಚ್ಚಿದರೆ ಒಳಗೆ ಅದಕ್ಕಿಂತ ಎಷ್ಟೋ ಹಿಂದಿನ ಜಿಟಿಎಕ್ಸ್ 550 ಟಿಐ. ಕಾರ್ಡ್‌ನ ಬಯೋಸ್‌ನಲ್ಲಿ, ಅಂದರೆ ಅದರೊಳಗಿನ ಮೂಲ ತಂತ್ರಾಂಶದಲ್ಲಿ, ಹೆಸರು ಮಾತ್ರ ತಿದ್ದಿದ್ದರು. ವಿಂಡೋಸ್ ಆ ಹೆಸರನ್ನೇ ನಂಬುತ್ತದೆ. ಜಿಪಿಯು-ಝಡ್ ಅನ್ನುವ ಪುಟ್ಟ ಉಚಿತ ತಂತ್ರಾಂಶ ನಂಬುವುದಿಲ್ಲ, ಇಂಥ ಕಾರ್ಡ್‌ಗಳ ಹೆಸರಿನ ಮುಂದೆ ನಕಲಿ ಅಂತ ತೋರಿಸುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ನೋಡಲು ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಅದನ್ನು ಹಾಕಿಕೊಂಡು ಹೋಗಿ.

ಆರ್‌ಎಕ್ಸ್ 6400 ಬರೀ 53 ವ್ಯಾಟ್. 180ರ ಎಸ್‌ಎಂಪಿಎಸ್ ಇದ್ದವರಿಗೆ ಇದು ದಾರಿ. ಆದರೆ ಅದಕ್ಕೊಂದು ಐಬಿದೆ. ಮದರ್‌ಬೋರ್ಡ್ ಜೊತೆ ಮಾತಾಡಲು ಅದು ನಾಲ್ಕೇ ಲೇನ್ (ಡೇಟಾ ಓಡಾಡುವ ದಾರಿ) ಬಳಸುತ್ತದೆ, ಅದೂ ಕಾರ್ಡ್ ಸ್ಲಾಟ್ ಪಿಸಿಐಇ 4.0 ಆಗಿದ್ದಾಗ ಸರಿ. ನಿಮ್ಮ ಬೋರ್ಡ್ 3.0. ವೇಗ ಅರ್ಧವಾಗುತ್ತದೆ, 4 ಜಿಬಿ ಮೆಮೊರಿ ತುಂಬಿದ ಕೂಡಲೇ ಆಟ ಮುಗ್ಗರಿಸುತ್ತದೆ. ವೀಡಿಯೊ ರೆಕಾರ್ಡ್ ಮಾಡಲು ಬೇಕಾದ ಎನ್‌ಕೋಡರ್ ಕೂಡ ಅದರಲ್ಲಿ ಇಲ್ಲ.

ಆರ್‌ಟಿಎಕ್ಸ್ 3050 6 ಜಿಬಿ ಇವುಗಳಲ್ಲೆಲ್ಲ ಬಲಶಾಲಿ, 70 ವ್ಯಾಟ್, 2024ರದು, ಹೊಸದಾಗಿಯೇ ಸಿಗುತ್ತದೆ. ಅದಕ್ಕೆ ನಿಮ್ಮ ದುಡ್ಡಿನ ಮುಕ್ಕಾಲು ಪಾಲು ಹೋಗುತ್ತದೆ. ನಾಲ್ಕು ಕೋರ್‌ನ ಐ5ಗೆ ಅಷ್ಟು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಮುಂದೆ ಹೊಸ ಕಂಪ್ಯೂಟರ್‌ಗೆ ಅದನ್ನೇ ಒಯ್ಯುತ್ತೇನೆ ಅನ್ನುವ ಯೋಚನೆ ಇದ್ದರೆ ಮಾತ್ರ ಲೆಕ್ಕ ಬೇರೆ.

ನನ್ನ ಓಟು ಜಿಟಿಎಕ್ಸ್ 1650 ಲೋ ಪ್ರೊಫೈಲ್‌ಗೆ. ಸೆಕೆಂಡ್ ಹ್ಯಾಂಡ್‌ನಲ್ಲಿ ನಾನು ಇತ್ತೀಚೆಗೆ ನೋಡಿದ್ದು 6ರಿಂದ 8 ಸಾವಿರ. ಅರ್ಧ ಎತ್ತರದ್ದಕ್ಕೆ ಸ್ವಲ್ಪ ಜಾಸ್ತಿಯೇ ಕೇಳುತ್ತಾರೆ, ಯಾಕೆಂದರೆ ನಿಮ್ಮಂಥ ಡಬ್ಬದವರು ಬಹಳ ಜನ ಇದ್ದಾರೆ. ಒಂದು ಸಮಾಧಾನ ಇದೆ. ಎಥೀರಿಯಂ ಮೈನಿಂಗ್‌ಗೆ 4 ಜಿಬಿ ಕಾರ್ಡ್‌ಗಳು 2020ರ ಕೊನೆಗೇ ಸಾಲದಾದವು. ಹಾಗಾಗಿ 580ಯಷ್ಟು ಇವುಗಳನ್ನು ಜನ ಗೇಯಿಸಿಲ್ಲ. ಕೊಳ್ಳುವ ಮೊದಲು ಇಪ್ಪತ್ತು ನಿಮಿಷ ಆಟ ಓಡಿಸಿ ನೋಡಿ. ಬಿಸಿ 80 ಡಿಗ್ರಿ ದಾಟಿ ಏರುತ್ತಲೇ ಇದೆಯಾ, ಫ್ಯಾನು ಗರಗರ ಅನ್ನುತ್ತದಾ, ಪರದೆಯಲ್ಲಿ ಚುಕ್ಕಿ ಗೆರೆ ಬರುತ್ತದಾ. ಕುಳ್ಳಗಿನ ಬ್ರಾಕೆಟ್ ಜೊತೆಗೆ ಇದೆಯಾ ಅಂತಲೂ ಕೇಳಿ. ಮನೆಗೆ ಬಂದ ಮೇಲೆ ಬ್ರಾಕೆಟ್ ಹುಡುಕುವುದು ದೊಡ್ಡ ತಲೆನೋವು.

ಈ ಕಾರ್ಡ್‌ನಿಂದ ಏನು ನಿರೀಕ್ಷಿಸಬಹುದು? ವ್ಯಾಲೊರಂಟ್ ಬಗ್ಗೆ ಚಿಂತೆಯೇ ಬೇಡ. ಜಿಟಿಎ 5ರ ಹಳೇ ರೂಪವೂ ಆರಾಮ. ರೆಡ್ ಡೆಡ್ 2ಗೆ ತಯಾರಕರು ಕನಿಷ್ಠ ಅಂತ ಹೇಳಿದ್ದು ಜಿಟಿಎಕ್ಸ್ 770, ಚೆನ್ನಾಗಿ ಓಡಲು ಜಿಟಿಎಕ್ಸ್ 1060 6 ಜಿಬಿ. 1650 ಇವೆರಡರ ನಡುವೆ ಬರುತ್ತದೆ. ಸೆಟ್ಟಿಂಗ್ ಕಡಿಮೆ ಮತ್ತು ಮಧ್ಯಮದ ನಡುವೆ ಇಟ್ಟರೆ ಕುದುರೆ ಓಡುತ್ತದೆ. ನಿಮ್ಮ ಹಳೇ ಮಾನಿಟರ್ 1366 ಬೈ 768ರದ್ದಾಗಿದ್ದರೆ ಈ ವಿಷಯದಲ್ಲಿ ಅದೇ ವರ. ಬಿಡಿಸಬೇಕಾದ ಚುಕ್ಕಿಗಳು ಫುಲ್ ಎಚ್‌ಡಿಯ ಅರ್ಧದಷ್ಟು ಮಾತ್ರ.

ಮಾನಿಟರ್ ಅಂದ ಕೂಡಲೇ ನೆನಪಾಯಿತು. ಈ ಕಾರ್ಡ್‌ಗಳಲ್ಲಿ ನೀಲಿ ವಿಜಿಎ ಪೋರ್ಟ್ ಇರುವುದಿಲ್ಲ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಪುಟ್ಟ ಅಡಾಪ್ಟರ್ ಬೇಕು, ಮುನ್ನೂರು ನಾನೂರು ರೂಪಾಯಿ. ಹಾಗೆಯೇ ಕಾರ್ಡ್ ಹಾಕಿದ ಮೇಲೆ ಕೇಬಲ್ಲನ್ನು ಕಾರ್ಡ್‌ಗೇ ಚುಚ್ಚಿ. ತುಮಕೂರಿನಿಂದ ಒಬ್ಬರು ಸಿಪಿಯು ಹೊತ್ತುಕೊಂಡು ಬಸ್ಸಿನಲ್ಲಿ ಬಂದಿದ್ದರು, ಕಾರ್ಡ್ ಹಾಕಿದರೂ ಏನೂ ವ್ಯತ್ಯಾಸ ಇಲ್ಲ ಅಂತ. ಮನೆಯಲ್ಲಿ ಕೇಬಲ್ ಎಲ್ಲಿ ಚುಚ್ಚಿದ್ದಿರಿ ಅಂತ ಕೇಳಿದೆ. ಹಳೇ ಜಾಗದಲ್ಲೇ, ಮದರ್‌ಬೋರ್ಡ್‌ಗೆ! ಪಾಪ, ಟೀ ಕುಡಿಸಿ ಕಳಿಸಿದೆ.

ಮುಂದಿನ ಖರ್ಚು ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿನ ಜಾಗಕ್ಕೆ ಬರುವ ವೇಗದ ಡಿಸ್ಕು. ಅದರಿಂದ ಎಫ್‌ಪಿಎಸ್ ಏರುವುದಿಲ್ಲ, ಆ ಭ್ರಮೆ ಬೇಡ. ಆಟ ಬೇಗ ತೆರೆಯುತ್ತದೆ, ಹೊಸ ಜಾಗಕ್ಕೆ ಹೋದಾಗ ತಡೆತಡೆದು ನಿಲ್ಲುವುದು ಕಡಿಮೆಯಾಗುತ್ತದೆ. ಅಪ್ಪನ ಬಿಲ್ಲಿಂಗ್ ತೆರೆಯುವ ವೇಗ ನೋಡಿ ಅಪ್ಪನೇ ಖುಷಿಪಡುತ್ತಾರೆ, ಅದು ನಿಮಗೆ ಉಪಯೋಗಕ್ಕೆ ಬರುತ್ತದೆ. ರೆಡ್ ಡೆಡ್ ಒಂದಕ್ಕೇ 150 ಜಿಬಿ ಜಾಗ ಬೇಕು, ಹಾಗಾಗಿ 250ರದ್ದು ಬೇಡ, 500ರ ಆಸುಪಾಸಿನದು ತಗೊಳ್ಳಿ. ಇದನ್ನು ಮಾತ್ರ ಹೊಸದಾಗಿ, ಬಿಲ್ ಸಮೇತ. ಸೆಕೆಂಡ್ ಹ್ಯಾಂಡ್ ಎಸ್‌ಎಸ್‌ಡಿ ಬರೆದಷ್ಟೂ ಸವೆದಿರುತ್ತದೆ.

ಬಿಲ್ಲಿನ ಡೇಟಾ ವಿಷಯ. ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಬ್ಯಾಕಪ್ ತೆಗೆದು, ಪೆನ್‌ಡ್ರೈವ್‌ನಲ್ಲಿ ಒಂದು, ಮನೆಯ ಇನ್ನೊಂದು ಸಾಧನದಲ್ಲಿ ಒಂದು ಇಡಿ. ಬ್ಯಾಕಪ್ ತೆರೆಯುತ್ತದಾ ಅಂತ ಬೇರೆ ಕಂಪ್ಯೂಟರ್‌ನಲ್ಲಿ ಒಮ್ಮೆ ನೋಡಿ. ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿ, ಹಳೇ ಹಾರ್ಡ್ ಡಿಸ್ಕನ್ನು ಒಂದು ತಿಂಗಳು ಮುಟ್ಟದೆ ಎತ್ತಿಡಿ. ಆಟಕ್ಕೆ ವಿಂಡೋಸ್‌ನಲ್ಲಿ ಬೇರೆ ಯೂಸರ್ ಮಾಡಿಕೊಳ್ಳಿ, ಅಡ್ಮಿನ್ ಹಕ್ಕು ಇಲ್ಲದ್ದು. ಕ್ರ್ಯಾಕ್ ಮಾಡಿದ ಆಟ ಈ ಯಂತ್ರಕ್ಕೆ ಬೇಡವೇ ಬೇಡ. ನೀತಿಪಾಠ ಹೇಳುತ್ತಿಲ್ಲ. ಜಿಎಸ್‌ಟಿ ಲೆಕ್ಕ ಇರುವ ಡಿಸ್ಕಿಗೆ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಡಿದದ್ದನ್ನು ನೋಡಿದವನು ನಾನು. ಈ ಎರಡೂ ಆಟ ಡಿಸ್ಕೌಂಟ್ ಸೇಲ್‌ಗಳಲ್ಲಿ ಆಗಾಗ ಬಹಳ ಇಳಿಯುತ್ತವೆ, ಕಾದು ಕೊಳ್ಳಿ.

ವಿಂಡೋಸ್ 10 ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ 2026ರ ಅಕ್ಟೋಬರ್‌ವರೆಗೆ ಇದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಪೀಳಿಗೆ ಬೇಕು, ನಿಮ್ಮದು ಆರನೆಯದು. ಅಡ್ಡದಾರಿಯಲ್ಲಿ ಹಾಕುವವರಿದ್ದಾರೆ. ಆದರೆ 11ರಲ್ಲಿ ವ್ಯಾಲೊರಂಟ್ ಓಡಲು ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ಸೌಲಭ್ಯ ಎರಡೂ ಬೇಕು, ಅವು ನಿಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಅಡ್ಡದಾರಿ ಅಲ್ಲಿ ನಿಲ್ಲುತ್ತದೆ. ಅಂದರೆ ನಿಮ್ಮ ಯಂತ್ರದ ಆಯಸ್ಸಿಗೆ ಒಂದು ಗಡಿ ಇದೆ. ಇದರ ಮೇಲೆ 22 ಸಾವಿರವನ್ನೂ ಸುರಿಯಬೇಡಿ ಅನ್ನುವುದಕ್ಕೆ ಇದೇ ದೊಡ್ಡ ಕಾರಣ.

ಪ್ರೊಸೆಸರ್ ಬದಲಿಸುವ ಆಸೆ ಆದರೆ, ಅದೇ ಸಾಕೆಟ್‌ಗೆ ಐ7-6700 ಕೂರುತ್ತದೆ. ಕೋರ್ ನಾಲ್ಕೇ, ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು) ಎಂಟು, ಎಳೆಯುವುದು ಅದೇ 65 ವ್ಯಾಟ್. ಸಿಎಸ್ 2ರಂಥ ಆಟದಲ್ಲಿ ಮುಗ್ಗರಿಕೆ ಕಡಿಮೆಯಾಗುತ್ತದೆ. ಹೆಸರಿನ ಕೊನೆಗೆ 'ಕೆ' ಇರುವುದು ಬೇಡ, ಅದರ ಬಿಸಿ ಈ ಡಬ್ಬ ತಡೆಯದು. ಎಂಟನೇ ಪೀಳಿಗೆಯದನ್ನು ಅಪ್ಪಿತಪ್ಪಿ ತರಬೇಡಿ. ಸಾಕೆಟ್ ಹೆಸರು ಒಂದೇ, 1151. ಕೂರುತ್ತದೆ, ಓಡುವುದಿಲ್ಲ. ಈ ಖರ್ಚನ್ನು ಕಾರ್ಡ್ ಹಾಕಿ, ಮೇಲೆ ಹೇಳಿದ ರೆಸಲ್ಯೂಶನ್ ಪರೀಕ್ಷೆ ಇನ್ನೊಮ್ಮೆ ಮಾಡಿದ ಮೇಲಷ್ಟೇ ಯೋಚಿಸಿ.

ಇರುವುದನ್ನು ಬಿಟ್ಟು ಹೊಸದಾಗಿ ಜೋಡಿಸಿದರೆ? ಒಂದು ವರ್ಷದ ಹಿಂದೆ ಕೇಳಿದ್ದರೆ ರೈಝನ್ 5 5600ಜಿ ಹಾಕಿ ಅನ್ನುತ್ತಿದ್ದೆ. ಆರು ಕೋರ್, ಕಾರ್ಡ್ ಇಲ್ಲದೆಯೂ ಸಣ್ಣಪುಟ್ಟ ಆಟ ಓಡಿಸುವ ಗ್ರಾಫಿಕ್ಸ್ ಒಳಗೇ ಇದೆ, ವಿಂಡೋಸ್ 11 ಕೂಡ ಓಡುತ್ತದೆ. ಆದರೆ ಇವತ್ತಿನ ರ‍್ಯಾಮ್ ಬೆಲೆಯಲ್ಲಿ ಬೋರ್ಡ್, ಒಳ್ಳೇ ಎಸ್‌ಎಂಪಿಎಸ್, ಕ್ಯಾಬಿನೆಟ್ ಎಲ್ಲ ಸೇರಿಸಿದರೆ 22 ಸಾವಿರ ಹತ್ತಿರಕ್ಕೂ ಸಾಲದು. ಸಾಲ ಮಾಡಿ ಜೋಡಿಸಿದರೂ ಅದರ ಒಳಗಿನ ಗ್ರಾಫಿಕ್ಸ್ 1650ಯ ಅರ್ಧದಷ್ಟೇ. ಇವತ್ತು ಹೆಚ್ಚು ದುಡ್ಡು ಕೊಟ್ಟು ಕಡಿಮೆ ಆಟ ಕೊಂಡ ಹಾಗೆ. ನಾಳೆ ಅದಕ್ಕೆ ಕಾರ್ಡ್ ಸೇರಿಸಬಹುದು ಅನ್ನುವುದು ಅದರ ಗುಣ, ಅದನ್ನು ಅಲ್ಲಗಳೆಯುವುದಿಲ್ಲ. ಮುಂದೆ ಆ ದಾರಿ ಹಿಡಿದಾಗ ಈಗಿನ ಡಿಡಿಆರ್4 ಸ್ಟಿಕ್‌ಗಳು, ಎಸ್‌ಎಸ್‌ಡಿ, 1650 ಎಲ್ಲವನ್ನೂ ಅದಕ್ಕೆ ಒಯ್ಯಬಹುದು. ಆಗ ಈ ಡಬ್ಬ ಬರೀ ಬಿಲ್ಲಿಂಗ್‌ಗೆ ಅಪ್ಪನ ಹತ್ತಿರವೇ ಉಳಿಯಲಿ.

ಹಾಗಾಗಿ ನಾನಾಗಿದ್ದರೆ ಈ ವಾರ ರ‍್ಯಾಮ್ ಸ್ಟಿಕ್ ಒಂದನ್ನೇ ಹಾಕಿ ಹದಿನೈದು ದಿನ ಆಡುತ್ತಿದ್ದೆ. ಆಮೇಲೆ ಎಸ್‌ಎಸ್‌ಡಿ. ಒಳ್ಳೇ 1650 ಸಿಕ್ಕ ದಿನ ಕಾರ್ಡ್. ಗಡಿಬಿಡಿ ಬೇಡ, ಸೆಕೆಂಡ್ ಹ್ಯಾಂಡ್‌ನಲ್ಲಿ ಕಾಯುವವನಿಗೇ ಒಳ್ಳೇ ಮಾಲು. ಎಲ್ಲ ಸೇರಿ 22 ಸಾವಿರದೊಳಗೆ ಮುಗಿದು ಸ್ವಲ್ಪ ಉಳಿಯಬೇಕು. ಉಳಿದದ್ದನ್ನು ಮುಟ್ಟಬೇಡಿ, ಮುಂದಿನ ಮದುವೆ ಸೀಸನ್‌ನ ದುಡ್ಡು ಅದಕ್ಕೆ ಸೇರಲಿ.

ಕೊನೆಗೆ ಯುಪಿಎಸ್. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತದೆ. ಕಾರ್ಡ್ ಹಾಕಿದ ಮೇಲೂ ನಿಮ್ಮ ಯಂತ್ರ ಮತ್ತು ಮಾನಿಟರ್ ಸೇರಿ 200ರ ಆಸುಪಾಸು, ಆದ್ದರಿಂದ ಸಾಕು. ಪ್ರಶ್ನೆ ಇರುವುದು ಅದರ ಬ್ಯಾಟರಿ ಎಷ್ಟು ಹಳೇದು ಅನ್ನುವುದರಲ್ಲಿ. ಬಿಲ್ಲಿಂಗ್ ಮುಚ್ಚಿ, ಆಟ ಓಡುತ್ತಿರುವಾಗ ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿ. ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಹೊತ್ತು ನಿಂತರೆ ಅದರ ಕೆಲಸ ಅಷ್ಟೇ. ತಕ್ಷಣ ಆರಿದರೆ ಬ್ಯಾಟರಿ ಬದಲಿಸಿ, ಇಡೀ ಯುಪಿಎಸ್ ಬೇಡ. ಎಲೆಕ್ಟ್ರಿಷಿಯನ್ ಕರೆಸಿ ಆ ಪ್ಲಗ್ಗಿನ ಅರ್ಥಿಂಗ್ ಒಮ್ಮೆ ಪರೀಕ್ಷೆ ಮಾಡಿಸಿ. ಮತ್ತೆ, ಅಂಗಡಿಯಲ್ಲಿ ಲೇಸರ್ ಪ್ರಿಂಟರ್ ಇದ್ದು ಅದನ್ನೂ ಇದೇ ಯುಪಿಎಸ್‌ಗೆ ಚುಚ್ಚಿದ್ದರೆ ಇವತ್ತೇ ತೆಗೆದು ನೇರ ಗೋಡೆಗೆ ಹಾಕಿ. ಬಿಸಿಯಾಗುವಾಗ ಅದು ಒಮ್ಮೆಲೇ ಎಳೆಯುವ ಕರೆಂಟಿಗೆ ಈ ಪುಟ್ಟ ಯುಪಿಎಸ್ ತಡೆಯುವುದಿಲ್ಲ.